ಪಂಚಮಿಗೆ ಊರಿಗೆ ಹೋಗದವರು

ಜುಲೈ 25, 2025, ಶುಕ್ರವಾರ
ಮುದ್ದೇಬಿಹಾಳ

ಬೆಳಗಿನಿಂದ ನಮ್ಮ ನರ್ಸಿಂಗ್ ಹಾಸ್ಟೆಲಿನ ಹುಡುಗಿಯರ ರಜೆ ಅರ್ಜಿಗಳದೇ ಕೆಲಸ. ರವಿವಾರ ರೊಟ್ಟಿ ಹಬ್ಬ, ಸೋಮವಾರ ನಾಗಚೌತಿ, ಮಂಗಳವಾರ ಪಂಚಮಿ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬೇರೆ ಯಾವ ಹಬ್ಬ ತಪ್ಪಿದರೂ ನಡೆದೀತು, ಪಂಚಮಿ ತಪ್ಪಕೂಡದು. ಅಣ್ಣ ಕರೆಯಲು ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಜೀಕಬೇಕು. ನಾವು ಓದುವಾಗ ಊರಿಗೆ ಹೋಗುವ ಮೊದಲು ಬಸ್ ಚಾರ್ಜಿನ ಲೆಕ್ಕ ಹಾಕುತ್ತಿದ್ದೆವು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಈ ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ ಹತ್ತುತ್ತಾರೆ. ಊರ ನೆನಪಾಗಿ ಅಳು ಬಂದವಳು ಶನಿವಾರ ಸಂಜೆ ಹೋಗಿ ಅವ್ವನ ಮಗ್ಗುಲಿಗೆ ಮಲಗಿ ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹಾಜರು. ಹಾಸ್ಟೆಲ್ ಮಕ್ಕಳ ಮನಸ್ಸಿಗೆ ಸರ್ಕಾರ ಮಾಡಿದ ಉಪಕಾರಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆಯುವುದಿಲ್ಲ.

ಅರ್ಜಿಯಲ್ಲಿ ಊರ ಹೆಸರು ಓದುವುದೆಂದರೆ ನನಗೆ ಖುಷಿ: ನಾಲತವಾಡ, ಢವಳಗಿ, ಕೊಲ್ಹಾರ, ಚಡಚಣ, ಆಲಮೇಲ, ದೇವರ ಹಿಪ್ಪರಗಿ. ಜತ್ತ ತಾಲ್ಲೂಕಿನವಳೊಬ್ಬಳಿದ್ದಾಳೆ, ಮಹಾರಾಷ್ಟ್ರದ ಕನ್ನಡ ಶಾಲೆಯಲ್ಲಿ ಓದಿದವಳು. ಅಲ್ಲಿ ಅವಳು ಕನ್ನಡದವಳು, ಇಲ್ಲಿ ಮಹಾರಾಷ್ಟ್ರದವಳು. ಆದರೂ ಕಾಯುವ ಮನೆಯೊಂದಿದೆ, ಅರ್ಜಿ ಕೊಟ್ಟಿದ್ದಾಳೆ.

ಜಿಎನ್‌ಎಂ ಎರಡನೇ ವರ್ಷದ ತಾಂಡಾದ ಹುಡುಗಿ ಕೊಟ್ಟಿಲ್ಲ. ಅವಳ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ತಂದೆತಾಯಿ ಕಟ್ಟಡದ ಕೆಲಸಕ್ಕೆಂದು ರತ್ನಾಗಿರಿಗೆ ಹೋಗಿದ್ದಾರೆ, ಮನೆಗೆ ಕೀಲಿ. ಮೊದಲ ವರ್ಷದ ಎರಡು ವಿಷಯ ಇನ್ನೂ ಬಾಕಿ ಇವೆ. “ಇಲ್ಲೇ ಇರ್ತೀನ್ರೀ ಮೇಡಂ, ಓದೋದೈತಿ” ಅಂದಳು. ನಗುನಗುತ್ತಲೇ ಅಂದಳು.

ಜುಲೈ 27, ರವಿವಾರ

ಪೇಪರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಸುದ್ದಿ. ಶುಕ್ರವಾರ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಕೊಟ್ಟದ್ದು. ನೀಟ್ ತರಬೇತಿಗೆಂದು ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದ 17 ವರ್ಷದ ಹುಡುಗಿ 2023ರಲ್ಲಿ ತೀರಿಕೊಂಡಿದ್ದಳು. ಆ ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ಕೋರ್ಟು, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ 15 ಮಾರ್ಗಸೂಚಿಗಳನ್ನೂ ಹಾಕಿಕೊಟ್ಟಿದೆ. ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರೆ ಒಬ್ಬರಾದರೂ ಅರ್ಹ ಆಪ್ತಸಮಾಲೋಚಕರು ಇರಬೇಕು. ಕಡಿಮೆ ಇದ್ದರೆ ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಕೂರಿಸಬಾರದು, ಎಲ್ಲರೆದುರು ಅವಮಾನ ಮಾಡಬಾರದು.

ಬೆಂಗಳೂರಿನಲ್ಲಾದರೆ ಜಾಹೀರಾತು ಕೊಟ್ಟರೆ ಸಮಾಲೋಚಕರು ಸಿಕ್ಕಾರು. ತಾಲ್ಲೂಕು ಊರಿನಲ್ಲಿ ಹುಡುಕುವುದೇ ಒಂದು ಕೆಲಸ. ಹಾಗಂತ ಎಲ್ಲದಕ್ಕೂ ಕಾಯಬೇಕಿಲ್ಲ. ಸಹಾಯವಾಣಿಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಹಚ್ಚಿರಿ ಅಂದಿದೆ ಕೋರ್ಟು. ಅದು ಇವತ್ತೇ ಆಗುವ ಮಾತು. ಟೆಲಿ-ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಒಂದು ಪ್ರತಿ ನೋಟಿಸ್ ಬೋರ್ಡಿಗೆ, ಉಳಿದವು ಬಚ್ಚಲ ಬಾಗಿಲುಗಳ ಒಳಮಗ್ಗುಲಿಗೆ. ಹಾಸ್ಟೆಲಿನಲ್ಲಿ ಅಳುವವರು ಅಳುವುದು ಅಲ್ಲಿಯೇ. ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ ನಂಬರ್ ಬರೆದುಕೊಳ್ಳಬಹುದು.

ಜುಲೈ 29, ಮಂಗಳವಾರ, ಪಂಚಮಿ

ಹಾಸ್ಟೆಲ್ ಬಣಗುಟ್ಟುತ್ತಿದೆ. ಅಡುಗೆಯ ಅಕ್ಕ ಮನೆಯಿಂದ ಶೇಂಗಾ ಉಂಡಿ, ಜೋಳದ ಅಳ್ಳು ತಂದಿದ್ದಳು. ತಟ್ಟೆ ಹಿಡಿದು ತಾಂಡಾದ ಹುಡುಗಿಯ ಕೋಣೆಗೆ ಹೋದೆ. ಪುಸ್ತಕ ತೆರೆದಿತ್ತು, ಓದುತ್ತಿರಲಿಲ್ಲ.

“ಊಟಕ್ಕ ಬರ್ಲಿಲ್ಲಲ್ಲ ತಂಗಿ?”

“ಹಸಿವಿಲ್ರೀ.”

“ನಿನ್ನೆನೂ ಹಸಿವಿದ್ದಿಲ್ಲಂತ?”

ಉತ್ತರವಿಲ್ಲ. ನಾನೂ ಏಳಲಿಲ್ಲ, ಮಂಚದ ತುದಿಗೆ ಕೂತೇ ಇದ್ದೆ. ಬಹಳ ಹೊತ್ತಿನ ಮೇಲೆ ಅವಳೇ ಅಂದಳು: “ನನ್ ಫೀಸಿಗಂತ ಮುಂಗಡ ತೊಗೊಂಡು ದುಡಿಯಾಕ ಹೋಗ್ಯಾರ್ರೀ. ನಾ ಇಲ್ಲಿ ಎರಡು ವಿಷಯ ಬಿಟ್ಕೊಂಡ್ ಕುಂತೀನಿ. ನಾ ಇರದಿದ್ರ ಅವ್ರಿಗೆ ಇಷ್ಟು ಸಾಲ ಆಗ್ತಿದ್ದಿಲ್ಲ. ಇಲ್ಲಿ ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ.”

ಥಾಮಸ್ ಜಾಯ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 2005ರ ತನ್ನ ಪುಸ್ತಕದಲ್ಲಿ ಹೇಳಿದ್ದನ್ನು ನಾನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ. ತನಗೆ ಯಾರೂ ಇಲ್ಲವೆಂಬ ಭಾವ ಒಂದು, ತನ್ನವರಿಗೆ ತಾನು ಹೊರೆಯೆಂಬ ಭಾವ ಇನ್ನೊಂದು. ಎರಡೂ ಕೂಡಿ ಮನಸ್ಸಿನಲ್ಲಿ ತಳ ಊರಿದಾಗ ಸಾವಿನ ಬಯಕೆ ಹುಟ್ಟುತ್ತದೆ. ಆ ಪಾಠವನ್ನೆಲ್ಲ ಈ ಹುಡುಗಿ ಒಂದೇ ಉಸಿರಿನಲ್ಲಿ ನನ್ನೆದುರು ಹೇಳಿ ಮುಗಿಸಿದ್ದಳು.

ನೇರವಾಗಿ ಕೇಳಿದೆ. “ಸಾಯಬೇಕಂತ ಮನಸಿಗೆ ಬರ್ತೈತೇನವ್ವಾ?”

ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂದು ನಮ್ಮವರಿಗೆಲ್ಲ ಅಂಜಿಕೆ. ಅದು ಸುಳ್ಳೆಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಅವಳ ಮುಖ ಸಡಿಲಾಯಿತು, ಅಳು ಬಂತು. “ಬರ್ತೈತ್ರೀ. ಏನೂ ಮಾಡಿಕೊಂಡಿಲ್ಲ. ಬರ್ತೈತಿ ಅಷ್ಟ.”

ಹುಚ್ಚಿ ಅನ್ನಲಿಲ್ಲ, ಅವ್ವ-ಅಪ್ಪನ ಆಣೆ ಹಾಕಿಸಿಕೊಳ್ಳಲಿಲ್ಲ. ಅವಳು ಹೂಂ ಅಂದ ಮೇಲೆ ನನ್ನ ಫೋನಿನಿಂದಲೇ 14416ಕ್ಕೆ ಹಚ್ಚಿದೆವು. ಅತ್ತ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಕೇಳಿಸಿಕೊಂಡಳು. ಈಗ ಹುಡುಗಿ ನನ್ನ ಕ್ವಾರ್ಟರ್ಸಿನಲ್ಲಿ ಮಲಗಿದ್ದಾಳೆ. ಉಂಡಿ ಅರ್ಧ ತಿಂದಳು.

ಜುಲೈ 30, ಬುಧವಾರ

ಬೆಳಗಿನ ಬಸ್ಸಿಗೆ ವಿಜಯಪುರ. ಬಾಗೇವಾಡಿ, ಮನಗೂಳಿ ದಾಟುವವರೆಗೂ ಹುಡುಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಹೊಲಗಳಲ್ಲಿ ತೊಗರಿ ಎದ್ದಿದೆ.

ಮನೋವೈದ್ಯರು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದಾಗ ಮೇಜಿನ ಮೇಲೆ ಒಂದು ಹಾಳೆ. ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯ ಕ್ರಮದಲ್ಲೇ ಅವಳ ಕೈಯಿಂದ ಬರೆಸಿದ್ದರು. ಕೆಟ್ಟ ವಿಚಾರ ಬರುವ ಮುನ್ನ ಏನಾಗುತ್ತದೆ: ಊಟ ಸೇರುವುದಿಲ್ಲ, ಫೋನ್ ಎತ್ತಬೇಕೆನಿಸುವುದಿಲ್ಲ. ಆಗ ತಾನೇ ಏನು ಮಾಡಿಕೊಳ್ಳಬಹುದು: ಕೌದಿ ಹೊಲಿಯುವುದು. ಎಲ್ಲಿ, ಯಾರ ಜೊತೆ ಕೂತರೆ ಮನಸ್ಸು ಬೇರೆ ಕಡೆ ಹೊರಳುತ್ತದೆ: ಅಡುಗೆಮನೆ, ಅಕ್ಕ. ಯಾರನ್ನು ನೆರವು ಕೇಳಬಹುದು: ಯಾಡಿ (ಅಂದರೆ ಅವ್ವ), ರೂಮಿನ ಗೆಳತಿ, ನಾನು. ಯಾವ ಆಸ್ಪತ್ರೆ, ಯಾವ ನಂಬರ್. ಅಪಾಯದ ವಸ್ತುಗಳನ್ನು ಹೇಗೆ ದೂರ ಇಡುವುದು. ಮಾತ್ರೆಯನ್ನೂ ಶುರು ಮಾಡಿದರು. ಮುಂದಿನ ಭೇಟಿಗಳಿಗೆ ಪ್ರತಿ ಸಲ ಇಷ್ಟು ದೂರ ಬರಬೇಕಿಲ್ಲ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ತೋರಿಸಬಹುದು ಎಂದರು.

ಬಸ್ ಸ್ಟ್ಯಾಂಡಿನಲ್ಲಿ ನಿಂತು ರತ್ನಾಗಿರಿಗೆ ಫೋನ್. ತಾಯಿ ಮಗಳು ಲಂಬಾಣಿಯಲ್ಲಿ ಮಾತಾಡಿದರು, ನನಗೆ ತಿಳಿದದ್ದು ಅಲ್ಲೊಂದು ಇಲ್ಲೊಂದು ಮಾತು. ಕೊನೆಗೆ ತಾಯಿ ನನ್ನ ಜೊತೆ ಕನ್ನಡದಲ್ಲಿ ಅಂದರು: “ಸಾಲ ನಮ್ಮದೈತ್ರೀ ಬಾಯಾರ, ಆಕಿದಲ್ಲ. ಆಕೀಗೆ ಇದನ್ನ ಮತ್ತ ಮತ್ತ ಹೇಳ್ರಿ. ನಾನೂ ಹೇಳ್ತೀನಿ.”

ಆಗಸ್ಟ್ 6, ಬುಧವಾರ

ಎರಡು ವಿಷಯ ಉಳಿದದ್ದು ದಡ್ಡತನದಿಂದಲ್ಲ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಆರ್ಟ್ಸ್ ಮಾಡಿ ಬಂದವಳಿಗೆ ಮೊದಲ ತಿಂಗಳೇ ಅನಾಟಮಿ, ಫಿಸಿಯಾಲಜಿ, ಅದೂ ಇಂಗ್ಲಿಷಿನಲ್ಲಿ. ಜಿಎನ್‌ಎಂಗೆ ಯಾವ ವಿಭಾಗದವರಾದರೂ ಸೇರಬಹುದೆಂಬ ನಿಯಮ ಒಳ್ಳೆಯದೇ. ತಾಂಡಾದ, ಕೇರಿಯ ಹುಡುಗಿಯರಿಗೆ ಬಾಗಿಲು ತೆರೆದದ್ದು ಅದರಿಂದ. ಆದರೆ ಒಳಗೆ ಬಂದವರ ಕೈ ಹಿಡಿಯುವ ಕೆಲಸ ನಿಯಮದಲ್ಲಿಲ್ಲ. ಹೃದಯದ ಪಾಠವನ್ನು ಇವತ್ತು ಮೊದಲು ನಮ್ಮ ಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷ್ ಹೆಸರುಗಳನ್ನು ಕೂರಿಸಿದೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದವು.

ವಾರ್ಡಿನ ಕಥೆ ಬೇರೆಯೇ. ಅಲ್ಲಿ ಇವರು ಪೂರ್ತಿ ವಿದ್ಯಾರ್ಥಿಗಳೂ ಅಲ್ಲ, ಸಿಬ್ಬಂದಿಯೂ ಅಲ್ಲ. “ಏ ಸ್ಟೂಡೆಂಟ್, ಬೆಡ್ ಮಾಡು”, “ಏ ಸ್ಟೂಡೆಂಟ್, ಬಿಪಿ ನೋಡು.” ಪೋಸ್ಟಿಂಗ್ ಮುಗಿಯುವ ತನಕ ಹೆಸರು ಹಿಡಿದು ಕರೆಯುವವರಿಲ್ಲ. ಆಸ್ಟ್ರೇಲಿಯಾದ ಟ್ರೇಸಿ ಲೆವೆಟ್-ಜೋನ್ಸ್ ಇದನ್ನೇ ಅಧ್ಯಯನ ಮಾಡಿದವರು. ತಾನು ಈ ವಾರ್ಡಿನವಳು ಅನಿಸಿದ ನರ್ಸಿಂಗ್ ವಿದ್ಯಾರ್ಥಿನಿ ಪ್ರಶ್ನೆ ಕೇಳುತ್ತಾಳೆ, ಕಲಿಯುತ್ತಾಳೆ. ಅನಿಸದವಳು ತಪ್ಪು ನಡೆಯುವುದು ಕಂಡರೂ ಬಾಯಿ ಮುಚ್ಚಿಕೊಂಡು ಎಲ್ಲರಂತೆ ಇದ್ದುಬಿಡುತ್ತಾಳೆ. ಅಂದರೆ ಹುಡುಗಿಯ ಒಂಟಿತನದ ಬೆಲೆಯನ್ನು ಕೊನೆಗೆ ರೋಗಿಯೂ ತೆರುತ್ತಾನೆ.

ಎದೆಯ ಬ್ಯಾಡ್ಜಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಹೆಸರು ಹಾಕಿಸಿದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರಿಗೆ ಕೈಮುಗಿದು ಕೇಳಿಕೊಂಡೆ: “ಬೈಯುವಾಗಾದ್ರೂ ಹೆಸರು ಹಿಡಿದು ಬೈರಿ ಅಕ್ಕಾರ.” ನಕ್ಕರು. ಆದರೆ ಒಪ್ಪಿದರು.

ಆಗಸ್ಟ್ 13, ಬುಧವಾರ

ಕ್ಯಾಜುವಲ್ಟಿಯಿಂದ ಬಂದ ಹುಡುಗಿಯರ ಮುಖ ಸಪ್ಪಗಿತ್ತು. ಜೀವ ಕಳೆದುಕೊಳ್ಳಲು ಹೋಗಿದ್ದ ಹರೆಯದ ಸೊಸೆಯೊಬ್ಬಳನ್ನು ರಾತ್ರಿ ತಂದಿದ್ದರಂತೆ, ಉಳಿದಳು. ಚಿಕಿತ್ಸೆ ಕೊಡುತ್ತಲೇ ಒಬ್ಬರು ಬೈದರಂತೆ: “ನಾಟಕ ಮಾಡಿ ನಮ್ಮ ನಿದ್ದಿ ಕೆಡಸ್ತಾವ.”

ಬೇರೆ ಕೋರ್ಸಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಇರುವ ಅಂತರ ಇದು. ಎಂಜಿನಿಯರಿಂಗ್ ಓದುವವಳಿಗೆ ತನ್ನ ಮನಸ್ಸಿನ ಕತ್ತಲೆ ಮಾತ್ರ ಗೊತ್ತು. ನರ್ಸಿಂಗ್ ಹುಡುಗಿಗೆ, ಅಂಥದ್ದು ಬಾಯಿಬಿಟ್ಟು ಹೇಳಿದರೆ ಬಿಳಿ ಕೋಟಿನವರು ಬೆನ್ನ ಹಿಂದೆ ಏನನ್ನುತ್ತಾರೆ ಎಂಬುದೂ ಗೊತ್ತು. ಕಿವಿಯಾರೆ ಕೇಳಿರುತ್ತಾಳೆ. ಆಮೇಲೆ ತನ್ನದನ್ನು ಏಕೆ ಹೇಳಿಯಾಳು?

ಮಧ್ಯಾಹ್ನದ ಪಾಠ ಬಿಟ್ಟು ಇದನ್ನೇ ಮಾತಾಡಿದೆವು. “ಪೊಲೀಸ್ ಕೇಸ್ ಹಾಕಿ ಜೈಲಿಗೆ ಕಳಸ್ತಾರಂತ, ಖರೇನ್ರೀ?” ಎಂದು ಒಬ್ಬಳು ಕೇಳಿದಳು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ಅದರ 115ನೇ ಕಲಮಿನ ಪ್ರಕಾರ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಮಾತ್ರೆ ತೊಗೊಂಡರೆ ಕೌನ್ಸಿಲಿನ ನೋಂದಣಿ ಸಿಗುವುದಿಲ್ಲವೆಂಬ ಸುದ್ದಿ ಇನ್ನೊಬ್ಬಳ ಬಾಯಲ್ಲಿ. ಚಿಕಿತ್ಸೆಯ ಗೋಪ್ಯತೆ ರೋಗಿಯ ಹಕ್ಕೆಂದು ಅದೇ ಕಾಯ್ದೆ ಹೇಳುತ್ತದೆ, ವೈದ್ಯರು ಕಾಲೇಜಿಗೆ ಪತ್ರ ಬರೆಯುವುದಿಲ್ಲ ಎಂದೆ. ತಾಂಡಾದ ಹುಡುಗಿ ನೋಟ್ಸ್ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ಬರೆದಳಷ್ಟೇ ಸಾಕು.

ಆಗಸ್ಟ್ 17, ರವಿವಾರ

ತಾಂಡಾಗಳಲ್ಲಿ ತೀಜ್. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಮಣ್ಣು, ಗೊಬ್ಬರ ತುಂಬಿ ಗೋಧಿ ಬಿತ್ತಿ, ದಿನಾ ನೀರು ಹಾಕಿ ಸಸಿ ಎಬ್ಬಿಸುತ್ತಾರೆ. ಕೊನೆಯ ದಿನ ಹಾಡಿ ಕುಣಿದು ನೀರಿಗೆ ಬಿಡುತ್ತಾರೆ. ನಮ್ಮ ಹುಡುಗಿ ಹಾಸ್ಟೆಲ್ ಕಿಟಕಿಯಲ್ಲೇ ಒಂದು ಬುಟ್ಟಿ ಇಟ್ಟಿದ್ದಳು. ಬೆಳಗಿನ ಡ್ಯೂಟಿ ಬಿದ್ದ ದಿನ ರೂಮಿನ ಗೆಳತಿಯರು ನೀರು ಹಾಕಿದರು. ಜತ್ತದ ಹುಡುಗಿ ಲಂಬಾಣಿ ಹಾಡು ಕಲಿಯಲು ಹೋಗಿ ಎಲ್ಲರನ್ನೂ ನಗಿಸಿದಳು.

ನಿನ್ನೆ ಅವಳು ಬುಟ್ಟಿ ಹೊತ್ತು, ಗೆಳತಿಯರನ್ನೂ ಕರೆದುಕೊಂಡು ತಾಂಡಾಕ್ಕೆ ಹೋದಳು. ಮನೆಗೆ ಕೀಲಿ ಇದ್ದರೇನಾಯಿತು, ತಾಂಡಾಕ್ಕೆ ಕೀಲಿ ಇರಲಿಲ್ಲ. ನಾಯಕರ ಮನೆಯಲ್ಲಿ ಊಟ, ಅಜ್ಜಿಯೊಬ್ಬಳ ಮನೆಯಲ್ಲಿ ನಿದ್ದೆ. ಇವತ್ತು ಸಂಜೆ ಬಂದವರ ಬಾಯಿಗೆ ಬಿಡುವಿಲ್ಲ. ಇದು ನಾನು ಮಾಡಿಸಿದ್ದಲ್ಲ, ಡಾಕ್ಟರ್ ಬರೆಸಿದ್ದೂ ಅಲ್ಲ. ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದೂ ಅಂದುಕೊಳ್ಳುವುದಿಲ್ಲ. ಮಂಗಳವಾರದ ಕ್ಲಿನಿಕ್ಕು, ಮಾತ್ರೆ ಎರಡೂ ನಡೆದಿವೆ.

ಆಗಸ್ಟ್ 30, ಶನಿವಾರ

ಹೊರಗಿನಿಂದ ಬಂದ ಭಾಷಣಕಾರರ ಕಾರ್ಯಕ್ರಮ. ವಿಷಯ ಮನೋಬಲ. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ “ನಾನು ಬಂಡೆ, ನಾನು ಸೋಲುವುದಿಲ್ಲ” ಎಂದು ಕೂಗಿಸಿದರು. ಮಕ್ಕಳಿಗೆ ಮಜಾ ಬಂತು, ಅದರಲ್ಲಿ ತಪ್ಪೇನಿಲ್ಲ. ಆದರೆ ಸೋತವಳು ರಾತ್ರಿ ಏನೆಂದುಕೊಳ್ಳಬೇಕು? ತಾನು ಬಂಡೆಯಲ್ಲ ಎಂದೇ?

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು ನಲವತ್ತರ ವಯಸ್ಸಿನವರೆಗೂ ಬೆನ್ನುಹತ್ತಿ ನೋಡಿದರು. ಬಡತನ, ಜಗಳ, ಮನೆಯವರ ಕಾಯಿಲೆ ಎಲ್ಲ ಸೇರಿ ಕಷ್ಟದಲ್ಲೇ ಬೆಳೆದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಒಳ್ಳೆಯ, ಕೈಲಾಗುವ ಮನುಷ್ಯರಾದರು. ಸ್ವಭಾವವೂ ನೆರವಾಗಿತ್ತು ನಿಜ. ಅದರ ಜೊತೆಗೆ ಅವರ ಬದುಕಿನಲ್ಲಿ ಕೈಬಿಡದ ಒಬ್ಬ ಹಿರಿಯರಿದ್ದರು: ಅಜ್ಜಿ, ನೆರೆಯವರು, ಶಿಕ್ಷಕಿ. ಗಟ್ಟಿತನವೆಂಬುದು ಹುಡುಗಿಯ ಎದೆಯೊಳಗೆ ಮಾತ್ರ ಇರುವುದಾದರೆ ನಮಗೆ ಕೆಲಸವೇ ಇಲ್ಲ, ಕೂಗಿಸಿ ಮನೆಗೆ ಹೋಗಬಹುದು. ಅದರ ಅರ್ಧ ಪಾಲು ಸುತ್ತಲಿನವರಲ್ಲಿದೆ. ಆ ಅರ್ಧಕ್ಕೆ ಡ್ಯೂಟಿ ಹಾಕಬೇಕು.

ಹಾಕಿದ್ದೇನೆ. ಪ್ರತಿ ಹಿರಿಯ ವಿದ್ಯಾರ್ಥಿನಿಗೆ ಇಬ್ಬರು ಕಿರಿಯರು. ಕೆಲಸ ಸಣ್ಣದು: ರಾತ್ರಿ ಊಟಕ್ಕೆ ಬಂದರೋ ಇಲ್ಲವೋ ನೋಡುವುದು, ಬರದಿದ್ದರೆ ಕೋಣೆಗೆ ಹೋಗಿ ಕರೆಯುವುದು, ಎರಡು ಹೊತ್ತು ತಪ್ಪಿದರೆ ನನಗೆ ಹೇಳುವುದು. ಗುಟ್ಟು ಕೆದಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ.

ಸೆಪ್ಟೆಂಬರ್ 10, ಬುಧವಾರ

ವಿಶ್ವ ಆತ್ಮಹತ್ಯೆ ತಡೆ ದಿನ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕವನ್ನು ತರಗತಿಗೆ ಹೇಳಿದೆ: ದೇಶದಲ್ಲಿ 1,70,924 ಮಂದಿ, ಅವರಲ್ಲಿ ವಿದ್ಯಾರ್ಥಿಗಳು 13,044. ಆ ಪಟ್ಟಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಬೇರೆ ಸಾಲಿಲ್ಲ. ನಮ್ಮ ಲೆಕ್ಕವನ್ನು ನಾವೇ, ಬದುಕಿರುವಾಗಲೇ ಇಡಬೇಕು.

ಆಮೇಲೆ ಜೆರೋಮ್ ಮೊಟ್ಟೊನ ಪತ್ರಗಳ ಕಥೆ. ಸ್ಯಾನ್ ಫ್ರಾನ್ಸಿಸ್ಕೋದ ಈ ಮನೋವೈದ್ಯ, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದವರ ಪೈಕಿ 843 ಮಂದಿಯನ್ನು ಎರಡು ಗುಂಪು ಮಾಡಿದ. ಒಂದು ಗುಂಪಿಗೆ ಪುಟ್ಟ ಪತ್ರಗಳು: ನೀವು ಚೆನ್ನಾಗಿದ್ದೀರೆಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ, ಇಷ್ಟೇ. ಮೊದಲು ತಿಂಗಳಿಗೊಂದು, ಬರುಬರುತ್ತ ಮೂರು ತಿಂಗಳಿಗೊಂದು, ಐದು ವರ್ಷದಲ್ಲಿ 24. ಇನ್ನೊಂದು ಗುಂಪಿಗೆ ಏನೂ ಇಲ್ಲ. ಪತ್ರ ಬಂದವರಲ್ಲಿ ಮೊದಲ ಎರಡು ವರ್ಷ ಸಾವುಗಳು ಕಡಿಮೆ ಇದ್ದವು.

ನಮ್ಮಲ್ಲಿ ಕೋರ್ಸ್ ಬಿಟ್ಟುಹೋದವರ ಹೆಸರು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಸಿಕೊಂಡು ಮರೆಯಾಗುತ್ತದೆ. ಅಂಥವರ ನಂಬರ್ ಹುಡುಕಿ ಒಂದೊಂದು ವಾಟ್ಸಾಪ್ ಕಳಿಸಿದೆ: “ಹೆಂಗದಿ? ನೆನಪಾತು. ಉತ್ತರ ಬರೀಬೇಕಂತೇನಿಲ್ಲ.” ಫೀಸು, ಪರೀಕ್ಷೆ, ವಾಪಸು ಬರುವ ಮಾತು ಯಾವುದನ್ನೂ ಹಾಕಲಿಲ್ಲ. ರಾತ್ರಿ ಒಬ್ಬಳಿಂದ ಉತ್ತರ ಬಂತು, ಕೂಸಿನ ಫೋಟೋ. ಉಳಿದವರು ನೋಡಿದ್ದಾರೆ. ಮುಂದಿನ ತಿಂಗಳು ಮತ್ತೆ.

ಸೆಪ್ಟೆಂಬರ್ 12, ಶುಕ್ರವಾರ

ಮೂರನೇ ವರ್ಷದ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. “ಮೇಡಂ, ಮೊನ್ನೆ ನೀವು ಹೇಳಿದ್ದೆಲ್ಲ ಹುಡುಗ್ಯಾರಿಗೇನ್ರೀ? ನಮಗ ಹಾಸ್ಟೆಲ್ ಇಲ್ಲ. ಊರಾಗ ರೂಮ್ ಮಾಡ್ಕೊಂಡೀವಿ. ಉಂಡ್ರೂ ಕೇಳವ್ರಿಲ್ಲ, ಉಪಾಸ ಮಕ್ಕೊಂಡ್ರೂ ಕೇಳವ್ರಿಲ್ಲ.”

ಕೂರಿಸಿದೆ. ಗಂಡಸಾಗಿ ನರ್ಸ್ ಆಗ್ತೀಯೇನು ಎಂದು ಊರಲ್ಲಿ ಕೇಳುತ್ತಾರೆ. ಹೆರಿಗೆ ವಾರ್ಡಿನಲ್ಲಿ ಹೊರಗೆ ನಿಲ್ಲಿಸುತ್ತಾರೆ. ಅಳು ಬಂದರೆ ಬಚ್ಚಲಕ್ಕೂ ಹೋಗುವಂತಿಲ್ಲ, ನಾಲ್ಕು ಮಂದಿಗೆ ಅದೊಂದೇ. ಅವನು ನಗಿಸುವಂತೆಯೇ ಹೇಳಿದ. ಬುಧವಾರ ನಾನು ಓದಿ ಹೇಳಿದ ಲೆಕ್ಕದಲ್ಲೇ ನೂರರಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಗಂಡಸರು. ಅಷ್ಟಾಗಿಯೂ ಪಂಚಮಿಗೆ ಯಾರನ್ನಾದರೂ ಕರೆಯಲು ಹೋಗುವ ಅಣ್ಣನೆಂದೇ ಎಲ್ಲರೂ ಇವರನ್ನು ನೋಡುತ್ತಾರೆ, ಇವರನ್ನು ಕರೆಯಲು ಬರುವವರು ಯಾರು ಎಂದು ಕೇಳುವುದಿಲ್ಲ.

ಪ್ರತಿ ಶುಕ್ರವಾರ ಡ್ಯೂಟಿ ಬಿಟ್ಟ ಮೇಲೆ ಹುಡುಗರ ಜೊತೆ ಕೂಡುವುದೆಂದಾಯಿತು. ಉಸ್ತುವಾರಿ ಅವನದೇ. ನೇರವಾಗಿ ಕೇಳುವ ಆ ಒಂದು ಪ್ರಶ್ನೆಯನ್ನು ಹೇಗೆ ಕೇಳಬೇಕು, ಹೌದು ಎಂದರೆ ಆ ರಾತ್ರಿ ಯಾರು ಜೊತೆಗಿರಬೇಕು, ಯಾರಿಗೆ ಫೋನ್ ಹಚ್ಚಬೇಕು, ಮೊದಲ ವಾರ ಇದನ್ನೇ ಕಲಿಸೋಣವೆಂದೆ.

ಅವನು ತಲೆ ಕೆರೆದುಕೊಂಡ. “ಮೊದಲು ನಾಲ್ಕೂ ರೂಮಿನವ್ರಿಗೆ ಸೇರಿ ಒಂದು ಮೆಸ್ ಮಾಡ್ಸೂಣ್ರೀ ಮೇಡಂ. ಕೂಡಿ ಉಣ್ಣಾಕ ಹತ್ತಿದ್ರ ಯಾರ್ ಉಂಡಿಲ್ಲ ಅಂತ ತಾನ ಗೊತ್ತಾಗ್ತೈತಿ. ಪ್ರಶ್ನೆ ಆಮ್ಯಾಲೆ ಕೇಳೂಣು.”

ಎರಡೂ ಒಟ್ಟಿಗೇ ಶುರುವಾಗಲಿ ಎಂದೆ. ರೊಟ್ಟಿ ಮಾಡಿಕೊಡುವ ಖಾನಾವಳಿಯವರನ್ನು ಸೋಮವಾರ ಇಬ್ಬರೂ ಹೋಗಿ ಮಾತಾಡಿಸಬೇಕು.